ವಾರಾಂತ್ಯಕ್ಕೆ ಗೆಳತಿಯ ಊರಿಗೆ: ಫ್ರಾನ್ಸಿನಲ್ಲಿರುವ ಮಕ್ಕಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗಳು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಸೆಪ್ಟೆಂಬರಿನಿಂದ ಫ್ರಾನ್ಸಿನ ಲಿಯಾನ್ ನಗರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾಳೆ. ವಯಸ್ಸು 23. ಕಾಲೇಜಿನಲ್ಲಿ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ ಹಿರಿಯೂರಿನ ಗೆಳತಿಯೊಬ್ಬಳು ಸ್ಟ್ರಾಸ್‌ಬರ್ಗ್ ಎಂಬ ಊರಿನಲ್ಲಿ ಓದುತ್ತಿದ್ದಾಳೆ. ಡಿಸೆಂಬರಿನ ಒಂದು ಶನಿವಾರ, ಭಾನುವಾರ ಅಲ್ಲಿಗೆ ಹೋಗಿಬರುತ್ತೇನೆಂದು ಮಗಳು ಹಟ ಹಿಡಿದಿದ್ದಾಳೆ. ‘ಸಾಲ ಮಾಡಿ ಕಳಿಸಿದ್ದು ಓದಲಿಕ್ಕೆ, ಊರೂರು ತಿರುಗಲಿಕ್ಕಲ್ಲ’ ಎಂದು ನಮ್ಮ ಯಜಮಾನರು ಸಿಟ್ಟಾಗಿದ್ದಾರೆ. ನನಗಾದರೋ ಖರ್ಚಿಗಿಂತ, ಅಲ್ಲಿಯ ಭಾಷೆ ಇನ್ನೂ ಸರಿಯಾಗಿ ಬಾರದ ಹುಡುಗಿ ರಾತ್ರಿ ಹೊತ್ತು ಒಬ್ಬಳೇ ರೈಲಿನಲ್ಲಿ ಹೋಗುವುದರದ್ದೇ ಚಿಂತೆ. ವೀಸಾಕ್ಕೇನಾದರೂ ತೊಂದರೆಯಾದೀತೇ? ಅವಳಿಗೆ ಏನು ಹೇಳಲಿ?
ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಹೋಗಿಬಾ ಎಂದು ಹೇಳಿ. ಯಜಮಾನರ ಮಾತಿನಲ್ಲಿರುವ ಕಾಳಜಿ ನನಗೆ ಅರ್ಥವಾಗುತ್ತದೆ. ಸಾಲದ ಕಂತು ಕಟ್ಟುವವರಿಗೇ ಅದರ ಭಾರ ಗೊತ್ತು. ಆದರೆ ಈ ಪ್ರಯಾಣವನ್ನು ತಿರುಗಾಟವೆಂದು ಎಣಿಸುವುದು ಸರಿಯಲ್ಲ. ನವೆಂಬರ್ ಕಳೆಯುತ್ತಿದ್ದಂತೆ ಸಂಜೆ ಐದಕ್ಕೆಲ್ಲ ಕತ್ತಲಾಗುವ, ಭಾನುವಾರ ಅಂಗಡಿಗಳು ಬಹುತೇಕ ಬಾಗಿಲು ಹಾಕಿಬಿಡುವ ಊರಿನಲ್ಲಿ, ಒಂದು ಸಣ್ಣ ಕೋಣೆಯೊಳಗೆ, ಕನ್ನಡದ ಒಂದು ಮಾತೂ ಕಿವಿಗೆ ಬೀಳದೆ ವಾರಗಟ್ಟಲೆ ಕಳೆಯುವ ಮಕ್ಕಳಿಗೆ ಮೊದಲ ಚಳಿಗಾಲವೇ ಬಹಳ ಕಷ್ಟದ ಕಾಲ. ಆ ದಿನಗಳಲ್ಲಿ ನಿಮ್ಮ ಮಗಳನ್ನು ಬಲ್ಲವರೊಬ್ಬರು, ಅವಳ ಮಾತು ಅರ್ಧದಲ್ಲಿ ನಿಂತರೂ ಉಳಿದರ್ಧ ತಿಳಿಯುವವರೊಬ್ಬರು, ಅದೇ ದೇಶದಲ್ಲಿ ಇದ್ದಾರೆಂಬುದು ದೊಡ್ಡ ಆಸರೆ. ಎರಡು ದಿನ ಆ ಗೆಳತಿಯ ಜೊತೆ ಕಳೆದು ಬಂದವಳು ಸೋಮವಾರ ತರಗತಿಯಲ್ಲಿ ಹೆಚ್ಚು ಗಮನವಿಟ್ಟು ಕೂರುತ್ತಾಳೆಯೇ ಹೊರತು ಕಡಿಮೆಯಲ್ಲ. ನಾನೂ ಆ ದೇಶದಲ್ಲಿ ಓದಿದವನಾದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ವೀಸಾದ ಬಗ್ಗೆ ಚಿಂತೆ ಬೇಡ. ಲಿಯಾನ್, ಸ್ಟ್ರಾಸ್‌ಬರ್ಗ್ ಎರಡೂ ಫ್ರಾನ್ಸಿನೊಳಗೇ ಇವೆ. ದಾವಣಗೆರೆಯಿಂದ ಮೈಸೂರಿಗೆ ಹೋಗಲು ಯಾರ ಅಪ್ಪಣೆಯೂ ಬೇಡವಾದಂತೆ ಇದಕ್ಕೂ ಬೇಡ. ವಿದ್ಯಾರ್ಥಿಗಳಿಗೆ ಕೊಡುವ ದೀರ್ಘಾವಧಿ ವೀಸಾವನ್ನು ಫ್ರಾನ್ಸಿಗೆ ಕಾಲಿಟ್ಟ ಮೂರು ತಿಂಗಳೊಳಗೆ ಆನ್‌ಲೈನಿನಲ್ಲಿ ಊರ್ಜಿತಗೊಳಿಸಬೇಕೆಂಬ ನಿಯಮವಿದೆ. ಸೆಪ್ಟೆಂಬರಿನಲ್ಲಿ ಹೋದವಳಿಗೆ ಆ ಗಡುವು ಡಿಸೆಂಬರಿನಲ್ಲೇ ಮುಗಿಯುತ್ತದೆ. ಪ್ರಯಾಣದ ವಿಷಯ ಬದಿಗಿಟ್ಟು, ಆ ಕೆಲಸ ಆಗಿದೆಯೇ ಎಂದು ಇವತ್ತೇ ವಿಚಾರಿಸಿ. ಸ್ಟ್ರಾಸ್‌ಬರ್ಗ್ ರೈನ್ ನದಿಯ ದಡದ ಊರು. ಆಚೆ ದಡದಲ್ಲಿ ಜರ್ಮನಿಯ ಕೇಲ್ ಎಂಬ ಪಟ್ಟಣವಿದ್ದು, 2017ರಿಂದ ಸ್ಟ್ರಾಸ್‌ಬರ್ಗಿನ ಟ್ರಾಮ್ ನದಿ ದಾಟಿ ಅಲ್ಲಿಯವರೆಗೂ ಹೋಗುತ್ತದೆ. ಜರ್ಮನಿಯಲ್ಲಿ ಕೆಲವು ಸಾಮಾನು ಅಗ್ಗವೆಂದು ಅಲ್ಲಿಯ ವಿದ್ಯಾರ್ಥಿಗಳು ಸಂತೆಗೆ ಹೋದಂತೆ ಹೋಗಿಬರುತ್ತಾರೆ. ಯುರೋಪಿನ ಹಲವು ದೇಶಗಳು ತಮ್ಮ ನಡುವಿನ ಓಡಾಟವನ್ನು ಮುಕ್ತವಾಗಿಸಲು ಮಾಡಿಕೊಂಡಿರುವ ಷೆಂಗೆನ್ ಒಪ್ಪಂದದ ಪ್ರಕಾರ ನಿಮ್ಮ ಮಗಳಿಗೂ ಅದಕ್ಕೆ ಅವಕಾಶವಿದೆ. ಆದರೆ 2024ರಿಂದ ಜರ್ಮನಿ ತನ್ನ ಗಡಿಗಳಲ್ಲಿ ಮತ್ತೆ ತಪಾಸಣೆ ಆರಂಭಿಸಿರುವುದರಿಂದ, ಪಾಸ್‌ಪೋರ್ಟಿನ ಫೋಟೊ ಸಾಲದು, ಮೂಲ ಪಾಸ್‌ಪೋರ್ಟ್ ಕೈಯಲ್ಲಿರಬೇಕು.

ಇನ್ನು ರೈಲು. ಲಿಯಾನಿನ ಪಾರ್-ದ್ಯು ನಿಲ್ದಾಣದಿಂದ ಸ್ಟ್ರಾಸ್‌ಬರ್ಗಿಗೆ ಟಿ.ಜಿ.ವಿ. ಎಂಬ ಅತಿವೇಗದ ನೇರ ರೈಲುಗಳಿವೆ, ಸುಮಾರು ನಾಲ್ಕು ಗಂಟೆಯ ಪ್ರಯಾಣ. ಸೀಟು ಕಾಯ್ದಿರಿಸದೆ ಈ ರೈಲನ್ನು ಹತ್ತುವಂತಿಲ್ಲ, ಆದ್ದರಿಂದ ನಮ್ಮ ಜನರಲ್ ಬೋಗಿಯ ನೂಕುನುಗ್ಗಲು ಇರುವುದಿಲ್ಲ. ಟಿಕೆಟ್ ದರ ಮಾತ್ರ ವಿಮಾನದ ಟಿಕೆಟ್ಟಿನ ಹಾಗೆ ದಿನದಿನಕ್ಕೂ ಏರುತ್ತದೆ. ಶುಕ್ರವಾರ ಸಂಜೆ ಮತ್ತು ಭಾನುವಾರ ಸಂಜೆಯ ರೈಲುಗಳಿಗೆ ಇಡೀ ದೇಶವೇ ಮುಗಿಬೀಳುವುದರಿಂದ ಅವುಗಳ ದರ ಎಲ್ಲಕ್ಕಿಂತ ಹೆಚ್ಚು. ಶನಿವಾರ ಬೆಳಗಿನ ಮೊದಲ ರೈಲಿನಲ್ಲಿ ಹೊರಟು ಭಾನುವಾರ ಮಧ್ಯಾಹ್ನವೇ ಹಿಂತಿರುಗುವಂತೆ ಮೂರು, ನಾಲ್ಕು ವಾರ ಮೊದಲೇ ಟಿಕೆಟ್ ಮಾಡಿಸಿಕೊಂಡರೆ ದುಡ್ಡೂ ಉಳಿಯುತ್ತದೆ, ನಿಮ್ಮ ರಾತ್ರಿಯ ಭಯವೂ ತಾನಾಗಿಯೇ ಪರಿಹಾರವಾಗುತ್ತದೆ. 27 ವರ್ಷದವರೆಗಿನವರಿಗೆ ಫ್ರೆಂಚ್ ರೈಲ್ವೆಯವರು ವರ್ಷಕ್ಕೆ 49 ಯೂರೋ ಬೆಲೆಯ ಒಂದು ರಿಯಾಯಿತಿ ಕಾರ್ಡ್ ಕೊಡುತ್ತಾರೆ. ಅದರಿಂದ ಟಿ.ಜಿ.ವಿ. ಟಿಕೆಟ್ಟುಗಳ ಮೇಲೆ ಶೇಕಡ 30ರಷ್ಟು ಕಡಿತವಿರುತ್ತದೆ. ವರ್ಷದಲ್ಲಿ ನಾಲ್ಕಾರು ಬಾರಿ ದೂರ ಹೋಗುವವರಿಗೆ ಕಾರ್ಡಿನ ಬೆಲೆ ಬಹಳ ಬೇಗ ಮರಳಿ ಬರುತ್ತದೆ. ಬಸ್ಸು ಇನ್ನೂ ಅಗ್ಗ, ಆದರೆ ಹೋಗುತ್ತಾ ಬರುತ್ತಾ ದಾರಿಯಲ್ಲೇ ಒಂದಿಡೀ ದಿನ ಕಳೆದುಹೋದರೆ ಗೆಳತಿಗೆ ಉಳಿಯುವುದೇನು?

ರೈಲು ಹೊರಡುವುದಕ್ಕೆ ಎರಡು ನಿಮಿಷ ಮೊದಲೇ ಬಾಗಿಲು ಮುಚ್ಚುತ್ತದೆ; ದಾವಣಗೆರೆ ನಿಲ್ದಾಣದಲ್ಲಿ ಚಲಿಸುವ ರೈಲಿಗೆ ಓಡಿ ಹತ್ತಿದ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಬ್ಯಾಗಿನ ಮೇಲೆ ಹೆಸರಿನ ಚೀಟಿ ಇರಬೇಕೆಂಬ ನಿಯಮವೂ ಇದೆ. ಆ ದೇಶದಲ್ಲಿ ರೈಲ್ವೆ ಮುಷ್ಕರಗಳು ಸಾಮಾನ್ಯ. ಮುಷ್ಕರದ ಸಮಯದಲ್ಲಿ ಯಾವ ರೈಲು ಓಡುತ್ತದೆ, ಯಾವುದು ಇಲ್ಲ ಎಂಬುದನ್ನು ಹಿಂದಿನ ದಿನ ಸಂಜೆ ಐದರ ಹೊತ್ತಿಗೆ ಪ್ರಕಟಿಸುತ್ತಾರೆ, ಆಗ ಒಮ್ಮೆ ನೋಡಿಕೊಂಡರೆ ಸಾಕು.

ಕೆಲಸವಿದ್ದು ಶುಕ್ರವಾರ ಸಂಜೆಯೇ ಹೊರಡಬೇಕಾಗಿ ಬಂದರೆ ನಿಮ್ಮಿಂದಲೂ ಒಂದು ಸಹಾಯ ಬೇಕು. ಚಳಿಗಾಲದಲ್ಲಿ ಫ್ರಾನ್ಸಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ ಇರುತ್ತದೆ. ಅವಳು ರಾತ್ರಿ ಹತ್ತಕ್ಕೆ ಸ್ಟ್ರಾಸ್‌ಬರ್ಗಿನಲ್ಲಿ ಇಳಿಯುವಾಗ ದಾವಣಗೆರೆಯಲ್ಲಿ ಬೆಳಗಿನ ಜಾವ ಎರಡೂವರೆ. ಅಷ್ಟು ಹೊತ್ತು ನೀವು ಎದ್ದು ಕೂತು ಅರ್ಧ ಗಂಟೆಗೊಮ್ಮೆ ಫೋನು ಮಾಡಿದರೆ, ಹೊಸ ಊರಿನಲ್ಲಿ ದಾರಿ ನೋಡಬೇಕಾದವಳು ಫೋನು ನೋಡುತ್ತಾ ನಡೆಯುತ್ತಾಳೆ; ಆ ಹೊತ್ತಿನಲ್ಲಿ ನಿಲ್ದಾಣಗಳ ಸುತ್ತ ಕಳ್ಳರು ಕಾಯುವುದು ಅಂಥವರನ್ನೇ. ಗೆಳತಿ ನಿಲ್ದಾಣಕ್ಕೇ ಬಂದು ಕರೆದುಕೊಂಡು ಹೋಗಲಿ, ಮನೆ ಸೇರಿದ ಮೇಲೆ ಇಬ್ಬರ ಹೆಸರಿನಲ್ಲೂ ಒಂದು ಸಂದೇಶ ಬರಲಿ, ಅದನ್ನು ನೀವು ಬೆಳಿಗ್ಗೆ ಎದ್ದು ಓದಿ. ಗೆಳತಿಯ ವಿಳಾಸವನ್ನೂ ಅವಳ ಫೋನ್ ನಂಬರನ್ನೂ ನೀವು ಬರೆದಿಟ್ಟುಕೊಳ್ಳುವುದು ತಪ್ಪಲ್ಲ. ತುರ್ತು ಸಹಾಯಕ್ಕೆ ಯುರೋಪಿನ ಎಲ್ಲೆಡೆ 112 ಸಂಖ್ಯೆ ಇದೆ ಎಂಬುದು ಮಗಳಿಗೆ ಬಾಯಿಪಾಠವಾಗಿರಲಿ.

ಈಗ, ನನ್ನ ಮಟ್ಟಿಗೆ ಇದೆಲ್ಲಕ್ಕಿಂತ ಮುಖ್ಯವಾದ ಮಾತು. ಅತಿಥಿಯಾಗಿ ಹೋಗುವವಳು ಗೆಳತಿಯ ಪರಿಸ್ಥಿತಿಯನ್ನು ಮೊದಲು ತಿಳಿದುಕೊಳ್ಳಬೇಕು. ಫ್ರಾನ್ಸಿನಲ್ಲಿ ಬಾಡಿಗೆಗೆ ಕೊಡುವ ವಾಸದ ಕೋಣೆ ಕನಿಷ್ಠ 9 ಚದರ ಮೀಟರ್ ಇರಬೇಕೆಂಬ ಕಾನೂನಿದ್ದು, ವಿದ್ಯಾರ್ಥಿಗಳ ಎಷ್ಟೋ ಕೋಣೆಗಳು ಅದಕ್ಕಿಂತ ಹೆಚ್ಚೇನೂ ದೊಡ್ಡದಿರುವುದಿಲ್ಲ. ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಅಡಿಗೆ ಹತ್ತು ಅಡಿಯೂ ತುಂಬದ ಜಾಗ. ಮಂಚ, ಮೇಜು, ಒಲೆ ಎಲ್ಲವೂ ಅದರೊಳಗೇ. ವಿದ್ಯಾರ್ಥಿ ನಿಲಯವಾದರೆ ರಾತ್ರಿ ಅತಿಥಿಗಳನ್ನು ಇರಿಸಿಕೊಳ್ಳಲು ನಿಯಮಗಳಿರುತ್ತವೆ; ಹಂಚಿಕೊಂಡ ಮನೆಯಾದರೆ ಉಳಿದವರ ಒಪ್ಪಿಗೆ ಬೇಕು. ‘ನಮ್ಮ ಹುಡುಗಿ ತಾನೇ, ಬೇಡ ಅನ್ನುತ್ತಾಳೆಯೇ’ ಎಂದು ನಮ್ಮ ಕಡೆಯ ಸಲುಗೆಯಲ್ಲಿ ಹೋಗಿ ಇಳಿದರೆ, ಬೇಡವೆನ್ನಲಾಗದ ಆ ಹುಡುಗಿ ವಾರ್ಡನ್ನಿನ ಮುಂದೆ ತಲೆತಗ್ಗಿಸಿ ನಿಲ್ಲಬೇಕಾದೀತು. ಆದ್ದರಿಂದ ತಾರೀಖು ಗೊತ್ತುಮಾಡುವ ಮೊದಲು ಅವಳ ಪರೀಕ್ಷೆ ಯಾವಾಗ, ಕೋಣೆಯಲ್ಲಿ ಇನ್ನೊಬ್ಬರು ಮಲಗಬಹುದೇ, ಹಾಸಿಗೆ, ಹೊದಿಕೆ ತರಬೇಕೇ ಎಂದು ಬಿಚ್ಚಿ ಕೇಳಲಿ. ಶನಿವಾರವೇ ಇಬ್ಬರೂ ಸೇರಿ ತರಕಾರಿ, ಅಕ್ಕಿ ತಂದಿಟ್ಟುಕೊಳ್ಳಲಿ, ಅದರ ದುಡ್ಡು ನಿಮ್ಮ ಮಗಳೇ ಕೊಡಲಿ. ಸ್ಟ್ರಾಸ್‌ಬರ್ಗ್ ಇರುವ ಅಲ್ಸಾಸ್ ಪ್ರಾಂತ್ಯದಲ್ಲಿ ಭಾನುವಾರದ ರಜೆಯ ಬಗ್ಗೆ ಅಲ್ಲಿಯದೇ ಆದ ಹಳೆಯ ಕಾನೂನಿದೆ. ಫ್ರಾನ್ಸಿನ ಬೇರೆ ಕಡೆ ಭಾನುವಾರ ಬೆಳಿಗ್ಗೆ ತೆರೆದಿರುವ ದಿನಸಿ ಅಂಗಡಿಗಳೂ ಅಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತವೆ.

ಡಿಸೆಂಬರ್ ಬಗ್ಗೆ ನನಗೊಂದು ತಕರಾರಿದೆ. ಸ್ಟ್ರಾಸ್‌ಬರ್ಗಿನ ಕ್ರಿಸ್‌ಮಸ್ ಸಂತೆ 1570ರಿಂದ ನಡೆದು ಬಂದದ್ದು; ನವೆಂಬರ್ ಕೊನೆಯಿಂದ ಕ್ರಿಸ್‌ಮಸ್‌ವರೆಗೆ ಯುರೋಪಿನ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಆ ವಾರಾಂತ್ಯಗಳಲ್ಲಿ ರೈಲಿನ ದರ ಗಗನಕ್ಕೇರಿರುತ್ತದೆ, ಊರಿನ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಮಗಳಿಗೆ ಆ ಸಂತೆಯನ್ನೇ ನೋಡುವ ಆಸೆಯಿದ್ದರೆ ಸರಿ, ಈಗಲೇ ಟಿಕೆಟ್ ಮಾಡಿಸಲಿ. ಗೆಳತಿಯನ್ನು ನೋಡುವುದೇ ಆಸೆಯಾದರೆ, ಪರೀಕ್ಷೆ ಮುಗಿದ ನಂತರ ಜನವರಿಯ ಕೊನೆಗೋ ಫೆಬ್ರುವರಿಗೋ ಹೋಗುವುದು ಎಷ್ಟೋ ಮೇಲು. ನೋಡುವುದಕ್ಕೆ ಆಗಲೂ ಕೊರತೆಯಿಲ್ಲ. 142 ಮೀಟರ್ ಎತ್ತರದ ಅಲ್ಲಿಯ ಕೆಥೆಡ್ರಲ್, 1647ರಿಂದ 1874ರವರೆಗೆ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡವಾಗಿತ್ತು. 332 ಮೆಟ್ಟಿಲು ಹತ್ತಿದರೆ ಅದರ ಮೇಲಿನ ಕಟ್ಟೆಯಿಂದ ಇಡೀ ಊರು ಕಾಣುತ್ತದೆ. ಶಾಲೆಯ ಪ್ರವಾಸದಲ್ಲಿ ಚಿತ್ರದುರ್ಗದ ಕೋಟೆ ಹತ್ತಿ ಬೆಳೆದ ಮಕ್ಕಳಿಗೆ ಅದೇನೂ ಹೆಚ್ಚಲ್ಲ. ಒಳಗಿರುವ ಖಗೋಳ ಗಡಿಯಾರದಲ್ಲಿ ಮಧ್ಯಾಹ್ನ 12.30ಕ್ಕೆ ಯೇಸುವಿನ ಶಿಷ್ಯರ ಗೊಂಬೆಗಳು ಸಾಲಾಗಿ ಹಾದುಹೋಗುತ್ತವೆ. ಇವೆರಡನ್ನು ನೋಡಿ, ಹಳೆಯ ಮರದ ಚೌಕಟ್ಟಿನ ಮನೆಗಳಿರುವ ಕಾಲುವೆಗಳ ಪಕ್ಕದಲ್ಲಿ ನಡೆದಾಡಿದರೆ ಶನಿವಾರ ತುಂಬಿತು. ಭಾನುವಾರ ಕೋಲ್ಮಾರ್, ಅಲ್ಲಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಎಂದು ಪಟ್ಟಿ ಬೆಳೆಸುವುದು ಬೇಡ. ಊರುಗಳನ್ನು ಮುಂದೆಯೂ ನೋಡಬಹುದು. ಭಾನುವಾರ ಗೆಳತಿಯ ಕೋಣೆಯಲ್ಲಿ ಅನ್ನ, ಸಾರು ಮಾಡಿಕೊಂಡು ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಲಿ. ನಿಮ್ಮ ಮುಂದೆ ಫೋನಿನಲ್ಲಿ ಹೇಳಲಾರದ ಎಷ್ಟೋ ಸಂಗತಿಗಳು ಅಲ್ಲಿ ಹೊರಗೆ ಬರುತ್ತವೆ, ಬರಬೇಕು.

ಪ್ರಶ್ನೆ: ನಾನು ಚಿತ್ರದುರ್ಗದವನು, ಟುಲೂಸ್ ನಗರದಲ್ಲಿ ಕೆಲಸದಲ್ಲಿದ್ದೇನೆ. ನನ್ನ ಫ್ರೆಂಚ್ ಸಹೋದ್ಯೋಗಿ, ಈಗ ಒಳ್ಳೆಯ ಸ್ನೇಹಿತ, ತನ್ನ ತಂದೆತಾಯಿಯ ಹಳ್ಳಿಮನೆಗೆ ವಾರಾಂತ್ಯಕ್ಕೆ ಕರೆದಿದ್ದಾನೆ. ನಮ್ಮದು ಲಿಂಗಾಯತ ಮನೆತನ. ಮಾಂಸ, ಮೊಟ್ಟೆ, ಮದ್ಯ ಯಾವುದೂ ಇಲ್ಲ. ಅವರಿಗೆ ಬೇಸರವಾಗದಂತೆ ನಡೆದುಕೊಳ್ಳುವುದು ಹೇಗೆ?
ಒಬ್ಬ ಓದುಗ, ಟುಲೂಸ್

ಉತ್ತರ: ಊಟದ ವಿಷಯವನ್ನು ಇವತ್ತೇ ಹೇಳಿಬಿಡಿ, ಅಲ್ಲಿಗೆ ಹೋಗಿ ಕೂತ ಮೇಲೆ ಹೇಳಬೇಡಿ. ನಿಮಗಾಗಿ ಎರಡು ದಿನದಿಂದ ಅಡುಗೆ ಯೋಚಿಸಿದ ತಾಯಿಗೆ ತಟ್ಟೆಯ ಮುಂದೆ ‘ಬೇಡ’ ಎನ್ನುವುದೇ ಬೇಸರದ ಸಂಗತಿ. ಮೊದಲೇ ತಿಳಿಸಿದರೆ ಅವರು ಸಂತೋಷದಿಂದಲೇ ಬೇರೆ ಮಾಡುತ್ತಾರೆ. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಸಾಲದು. ಮಾಂಸವಿಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ, ಹಾಲು ಮೊಸರು ಬೆಣ್ಣೆ ಆಗುತ್ತದೆ ಎಂದು ಬಿಡಿಸಿ ಹೇಳಿ. ಸಲಾಡಿನಲ್ಲೂ ಕೀಶ್ ಎಂಬ ತಿನಿಸಿನಲ್ಲೂ ಹಂದಿಮಾಂಸದ ಸಣ್ಣ ತುಂಡುಗಳಿರುವುದು ಅಲ್ಲಿ ಸಾಮಾನ್ಯ, ಕೀಶಿನಲ್ಲಿ ಮೊಟ್ಟೆಯೂ ಇರುತ್ತದೆ. ನೀವು ಕಟ್ಟುನಿಟ್ಟಿನವರಾದರೆ ಇನ್ನೊಂದು ವಿಷಯ ತಿಳಿದಿರಲಿ: ಅಲ್ಲಿಯ ಸಾಂಪ್ರದಾಯಿಕ ಚೀಸುಗಳಲ್ಲಿ ಹಲವನ್ನು ಕರುವಿನ ಜಠರದಿಂದ ತೆಗೆದ ಕಿಣ್ವದಿಂದ ಹಾಲು ಒಡೆಸಿ ಮಾಡುತ್ತಾರೆ. ತಿನ್ನುವುದು ಬಿಡುವುದು ನಿಮ್ಮ ನಿರ್ಧಾರ, ಆದರೆ ತಿಳಿದು ನಿರ್ಧರಿಸುವುದು ಒಳ್ಳೆಯದು. ವೈನ್ ಕುಡಿಯುವುದಿಲ್ಲವೆಂದರೆ ಇತ್ತೀಚೆಗೆ ಯಾರೂ ತಪ್ಪು ತಿಳಿಯುವುದಿಲ್ಲ; ಹಣ್ಣಿನ ರಸದ ಲೋಟ ಹಿಡಿದು ಎಲ್ಲರೊಂದಿಗೆ ಲೋಟ ತಾಕಿಸಿ, ತಾಕಿಸುವಾಗ ಅವರ ಕಣ್ಣು ನೋಡಿ.

ಬರಿಗೈಯಲ್ಲಿ ಹೋಗಬಾರದೆಂಬುದು ಅಲ್ಲಿಯೂ ಇದೆ. ಒಳ್ಳೆಯ ಅಂಗಡಿಯ ಚಾಕೊಲೇಟ್ ಅಥವಾ ಹೂಗುಚ್ಛ ಸಾಕು. ಹೂವಿನಲ್ಲಿ ಸೇವಂತಿಗೆ ಮಾತ್ರ ಬೇಡ. ನಮ್ಮ ಕಡೆ ದೇವರಿಗೂ ಶುಭಕಾರ್ಯಗಳಿಗೂ ಏರಿಸುವ ಆ ಹೂವನ್ನು ಫ್ರಾನ್ಸಿನಲ್ಲಿ ನವೆಂಬರ್ 1ರಂದು ಹಿರಿಯರ ಸಮಾಧಿಗೆ ಒಯ್ಯುತ್ತಾರೆ. ಅದನ್ನು ಹಿಡಿದು ಬಾಗಿಲಲ್ಲಿ ನಿಂತರೆ ಆ ತಾಯಿಗೆ ಕಸಿವಿಸಿಯಾಗುತ್ತದೆ. ಕೆನ್ನೆಗೆ ಕೆನ್ನೆ ತಾಗಿಸುವ ಅವರ ಪದ್ಧತಿ ನಿಮಗೆ ಮುಜುಗರವೆನಿಸಿದರೆ ಮೊದಲೇ ಕೈ ಚಾಚಿ, ಅದಕ್ಕೆ ಯಾರೂ ಬೇಸರಿಸುವುದಿಲ್ಲ. ಭಾನುವಾರದ ಮಧ್ಯಾಹ್ನದ ಊಟ ಎರಡು, ಮೂರು ಗಂಟೆ ನಡೆಯುವುದುಂಟು. ಮೊದಲು ಬಂದದ್ದರಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡಿ, ನಡುವೆ ಏಳಬೇಡಿ, ಕೊನೆಗೆ ತಟ್ಟೆ ತೆಗೆಯಲು ಕೈಜೋಡಿಸಿ. ಹಳ್ಳಿಗಳಿಗೆ ಭಾನುವಾರ ಬಸ್ಸು, ಪ್ರಾದೇಶಿಕ ರೈಲು ಬಹಳ ಕಡಿಮೆಯಾದ್ದರಿಂದ, ಹಿಂತಿರುಗುವ ದಾರಿಯನ್ನು ಸ್ನೇಹಿತನೊಂದಿಗೆ ಹೋಗುವ ಮೊದಲೇ ಗೊತ್ತುಮಾಡಿಕೊಳ್ಳಿ. ಮನೆಗೆ ಬಂದ ಮರುದಿನ ಅವನ ತಂದೆತಾಯಿಗೆ ಪ್ರತ್ಯೇಕವಾಗಿ ಎರಡು ಸಾಲಿನ ಕೃತಜ್ಞತೆ ಬರೆದು ಕಳಿಸಿ.

ಪ್ರಶ್ನೆ: ಪರಿಚಿತರೊಬ್ಬರು ಮುಂದಿನ ತಿಂಗಳು ಪ್ಯಾರಿಸ್ಸಿಗೆ ಹೊರಟಿದ್ದಾರೆ. ವಾರಾಂತ್ಯದಲ್ಲಿ ನನ್ನ ಮಗ ಅವರನ್ನು ಕಂಡು, ಅಲ್ಲಿಂದ ಸ್ನೇಹಿತನ ಮನೆಗೆ ಹೋಗುತ್ತಾನೆ. ಇಬ್ಬರಿಗೂ ಊರಿನ ಬೆಣ್ಣೆ, ತುಪ್ಪ, ಪೇಡ ಕಳಿಸಬಹುದೇ?
ಒಬ್ಬ ತಂದೆ, ಚಿತ್ರದುರ್ಗ

ಉತ್ತರ: ಮೂರೂ ಆಗುವುದಿಲ್ಲ. ಯುರೋಪಿನ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ತರುವುದಕ್ಕೆ ನಿಷೇಧವಿದೆ. ಸಿಕ್ಕಿದರೆ ಅಲ್ಲೇ ಕಸಿದು ನಾಶಮಾಡುತ್ತಾರೆ, ಮುಜುಗರ ಪಡಬೇಕಾದವರು ಆ ಪರಿಚಿತರು. ತಾಜಾ ಹಣ್ಣು, ತರಕಾರಿ, ಕರಿಬೇವಿನ ಸೊಪ್ಪನ್ನೂ ಕಳಿಸಬೇಡಿ. ಸಸ್ಯಗಳ ಆರೋಗ್ಯ ಪ್ರಮಾಣಪತ್ರವಿಲ್ಲದೆ ಅವುಗಳಿಗೂ ತಡೆಯಿದೆ. ಶೇಂಗಾ ಚಟ್ನಿಪುಡಿ, ಸಾರಿನ ಪುಡಿ, ದಾವಣಗೆರೆಯ ಭಟ್ಟಿಯ ಮಂಡಕ್ಕಿ ಕಳಿಸಿ. ಮಂಡಕ್ಕಿಗೆ ತೂಕವಿಲ್ಲ, ಆದರೆ ಜಾಗ ಬಹಳ ಬೇಕು; ಆದ್ದರಿಂದ ಪರಿಚಿತರ ಪೆಟ್ಟಿಗೆಯಲ್ಲಿ ಎಷ್ಟು ಜಾಗವಿದೆಯೆಂದು ಮೊದಲು ಕೇಳಿ, ಪುಡಿಗಳನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿ, ಒಳಗೆ ಏನಿದೆಯೆಂಬ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದು ಅಂಟಿಸಿ. ಸ್ನೇಹಿತನ ಪಾಲನ್ನು ಬೇರೆ ಪೊಟ್ಟಣ ಮಾಡಿ ಅವನ ಹೆಸರು ಬರೆಯಿರಿ.