ಫ್ಲೆಕ್ಸ್‌ನಲ್ಲಿ ಒಂದು ಮಹಾಪ್ರಾಣ

ಮಾರಾಯ, ನಮ್ಮ ಕ್ಲಬ್ಬಿನ ಫ್ಲೆಕ್ಸ್ ಫೋಟೋ ನೋಡಿ ನೀನು ಬೆಂಗಳೂರಿನಿಂದ ಕೇಳಿದ್ದು ಎರಡು ಪ್ರಶ್ನೆ. ಕಾಲೇಜು ಕಬಡ್ಡಿಯಲ್ಲಿ ಕಣ್ಣೂರು ವಿಶ್ವವಿದ್ಯಾಲಯ ಗೆದ್ದರೆ ಕನ್ನಡಿಗನಾದ ನಿನಗೇಕೆ ಸಂಭ್ರಮ? ಮತ್ತೆ, ‘ಅಬಿನಂದನೆ’ ಅಂದರೆ ಎಂತದು?

ನಮ್ಮ ಕಾಸರಗೋಡು ಕೇರಳಕ್ಕೆ ಹೋದ 1956ರ ಕಥೆ, ಗಡಿಯ ಬಗ್ಗೆ ಬಂದ ಮಹಾಜನ ವರದಿ ಎಲ್ಲ ಬಿಡುವ. ನಿನಗೆ ನಿದ್ದೆ ಬರುತ್ತದೆ.

ಮಂಜೇಶ್ವರದ ಸರ್ಕಾರಿ ಕಾಲೇಜಿಗೆ ರಾಷ್ಟ್ರಕವಿ ಗೋವಿಂದ ಪೈಗಳ ಹೆಸರು. ಅದು ಸೇರಿರುವುದು ಕಣ್ಣೂರು ವಿಶ್ವವಿದ್ಯಾಲಯಕ್ಕೆ. ಅಲ್ಲಿಂದ ಮಂಗಳೂರು ಸುಮಾರು 20 ಕಿಲೋಮೀಟರ್, ಕಣ್ಣೂರು 100ಕ್ಕೂ ಜಾಸ್ತಿ. ಕೊಯ್ಲು ಮುಗಿದ ಒಂದೇ ಗದ್ದೆಯಲ್ಲಿ ಕಬಡ್ಡಿ ಆಡಿ ಬೆಳೆದ ಹುಡುಗರಲ್ಲಿ ಅರ್ಧ ಜನ ಇಲ್ಲೇ ಕಾಲೇಜು ಸೇರುತ್ತಾರೆ, ಅರ್ಧ ಜನ ಬೆಳಿಗ್ಗೆ ಮಂಗಳೂರು ಬಸ್ಸು ಹತ್ತುತ್ತಾರೆ. ದಕ್ಷಿಣ ವಲಯದ ಪಂದ್ಯದಲ್ಲಿ ಎದುರುಬದುರಾದರೆ ಕೇಳಬೇಡ. ಗುಟ್ಟಾಗಿ ಹೇಳುವ ಅಂತ ತುಳುವಿನಲ್ಲಿ ಕೂಗಿದರೆ ಆಚೆಯವನಿಗೂ ತಿಳಿಯುತ್ತದೆ. ಮಲಯಾಳಕ್ಕೆ ಹೊರಳಿದರೆ ಅವನು ನಗುತ್ತಾನೆ.

ಆಟ ಸುಲಭ. ಕಷ್ಟ ಇರುವುದು ಗೆದ್ದ ಮೇಲೆ, ಫ್ಲೆಕ್ಸ್ ಹಾಕಿಸುವಾಗ. ಮೇಲೆ ಯಾವ ಭಾಷೆ, ಕೆಳಗೆ ಯಾವುದು? ‘ನಾಡಿನ ಹೆಮ್ಮೆ’ ಅಂದರೆ ಯಾವ ನಾಡು? ಕೇರಳ ಅಂತ ಬರೆದರೆ ನಮ್ಮ ಹಿರಿಯರಿಗೆ ಸಿಟ್ಟು. ಕರ್ನಾಟಕ ಅಂತ ಬರೆಯಲು ಹುಡುಗನ ಕಣ್ಣೂರು ಜೆರ್ಸಿಯೇ ಬಿಡುವುದಿಲ್ಲ. ಈ ಸಲ ಎರಡು ರಾತ್ರಿ ಜಗಳವಾಡಿದೆವು. ಚಹಾದ ಖರ್ಚೇ ಫ್ಲೆಕ್ಸಿನಷ್ಟಾಯಿತು.

ನನ್ನ ಕಥೆಯೂ ಅಷ್ಟೇ. 2022ರ ಸಂತೋಷ್ ಟ್ರೋಫಿ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಕೇರಳ ನಮ್ಮ ಕರ್ನಾಟಕಕ್ಕೆ 7–3ರಲ್ಲಿ ಬಡಿಯಿತು. ನೋಡು, ‘ನಮ್ಮ’ ಅಂದುಬಿಟ್ಟೆ. ಆದರೆ ಆ ದಿನ ಐದು ಗೋಲು ಹೊಡೆದ ಜೆಸಿನ್‌ಗೆ ಕ್ಲಬ್ಬಿನ ಟಿವಿ ಮುಂದೆ ಎಲ್ಲರಿಗಿಂತ ಜೋರಾಗಿ ಕೂಗಿದವನೂ ನಾನೇ. ಮರುವರ್ಷ ಕರ್ನಾಟಕ 54 ವರ್ಷದ ನಂತರ ಕಪ್ ಎತ್ತಿದಾಗ ಪಟಾಕಿ ತಂದವನೂ ನಾನೇ. ಪಕ್ಕದ ಮನೆಯವರು ಈಗಲೂ ಅದನ್ನು ಹೇಳಿ ಕಾಲೆಳೆಯುತ್ತಾರೆ.

ನಮ್ಮ ಬೀದಿಯಲ್ಲಿ ಚೆನ್ನಾಗಿ ಓಡುವ ಹುಡುಗಿಯೊಬ್ಬಳಿದ್ದಾಳೆ. ಹತ್ತನೆಯವರೆಗೂ ಕನ್ನಡ ಮಾಧ್ಯಮ. ಕರ್ನಾಟಕದಲ್ಲಿ ಇಂಜಿನಿಯರಿಂಗ್ ಸೀಟಿಗೆ ‘ಗಡಿನಾಡ ಕನ್ನಡಿಗ’ ಅಂತ ಅರ್ಜಿ ಹಾಕಿದಳು. ಹಾಗೆ ಹಾಕಿದವರು ಕನ್ನಡ ಬರುತ್ತದೆ ಅಂತ ಪರೀಕ್ಷೆ ಬರೆದು ತೋರಿಸಬೇಕು. ಅವಳು ನಾಳೆ ಪದಕ ತಂದರೆ ಈ ಪರೀಕ್ಷೆ ಯಾರಿಗೂ ನೆನಪಿರುವುದಿಲ್ಲ, ನೋಡ್ತಾ ಇರು.

ಇನ್ನು ನಿನ್ನ ‘ಅಬಿನಂದನೆ’. ಹೌದು, ತಪ್ಪು. ನಿಮ್ಮೂರಿನ ಬೋರ್ಡುಗಳಲ್ಲಿ ಅಕ್ಷರ ತಪ್ಪಿದರೆ ಅದು ಬರೀ ಅಕ್ಷರದ ತಪ್ಪು. ನಮ್ಮಲ್ಲಿ ತಪ್ಪಿದರೆ ‘ಪಾಪ, ಕೇರಳದವರು’. ಜಗಳ ಮುಗಿಯುವ ಹೊತ್ತಿಗೆ ಅಂಗಡಿ ಮುಚ್ಚುವುದರಲ್ಲಿತ್ತು. ತಿದ್ದಲು ಪುರುಸೊತ್ತು ಸಿಗಲಿಲ್ಲ. ಕೊನೆಗೆ ರಾಜ್ಯದ ಹೆಸರೇ ಬಿಟ್ಟು ‘ನಮ್ಮ ಹುಡುಗ’ ಅಂತ ಎರಡೂ ಲಿಪಿಯಲ್ಲಿ ಹಾಕಿಸಿದೆವು. ಅದನ್ನು ನೀನು ಓದಿದ ಹಾಗೆ ಕಾಣಲಿಲ್ಲ.