ಸಾಲವೂ ತೀರಲಿ, ಹಬ್ಬವೂ ಆಗಲಿ

(ತುಮಕೂರಿನ ಶಿಕ್ಷಕಿಯೊಬ್ಬರು ಹೆಸರು ಬೇಡವೆಂದು ಕೋರಿ ಬರೆದ ಪತ್ರದ ಸಾರ: ಮೂರು ವರ್ಷದ ಹಿಂದೆ ಹೌಸಿಂಗ್ ಫೈನಾನ್ಸ್ ಕಂಪನಿಯೊಂದರಲ್ಲಿ 30 ಲಕ್ಷ ಸಾಲ ಮಾಡಿ ಮನೆ ಕಟ್ಟಿಸಿದ್ದೇವೆ. 20 ವರ್ಷದ ಅವಧಿ, ಶೇ. 8.5 ಬಡ್ಡಿ, ತಿಂಗಳ ಕಂತು 26,035 ರೂಪಾಯಿ. ಬೇಗ ತೀರಲಿ ಎಂದು ಇನ್ನು ಮುಂದೆ ತಿಂಗಳಿಗೆ 5,000 ಹೆಚ್ಚಿಗೆ ಕಟ್ಟುವುದೆಂದು ನಿಶ್ಚಯಿಸಿದ್ದೇವೆ. ಆದರೆ ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ರಕ್ತದ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಯಜಮಾನರಿಗೆ 6.1 ಬಂದಿದೆ, ಸಿಹಿ ಕಡಿಮೆ ಮಾಡಿ ಎಂದಿದ್ದಾರೆ ಡಾಕ್ಟರು. ಹೋದ ವರ್ಷ ಯಾರನ್ನೂ ಕರೆಯಲಿಲ್ಲ, ಕರೆದವರ ಮನೆಗೂ ಹೋಗಲಿಲ್ಲ. "ಮನೆ ಕಟ್ಟಿಸಿದ ಮೇಲೆ ನೀವು ಮನೆಗೆ ಕರೆಯೋದೇ ಬಿಟ್ರಿ ಅತ್ತಿಗೆ" ಎಂದು ನಾದಿನಿ ಬೇಸರ ಮಾಡಿಕೊಂಡಿದ್ದಾಳೆ. ಸಾಲ ತೀರುವ ತನಕ ಹಬ್ಬಗಳಿಗೆ ರಜೆ ಕೊಡಲೇ?)

ಆತ್ಮೀಯ ಸೋದರಿ,

ಬೇಡ, ರಜೆ ಕೊಡಬೇಡಿ. ಹದಿನೇಳು ವರ್ಷ ಬಾಗಿಲು ಹಾಕಿಕೊಂಡು ಕೂತರೆ ಸಾಲ ತೀರುವ ಹೊತ್ತಿಗೆ ಕರೆಯಲು ಯಾರೂ ಉಳಿದಿರುವುದಿಲ್ಲ. ನಾದಿನಿ ಮುನಿಸಿಕೊಂಡು ಹಾಗೆ ಕೇಳಿದ್ದಾಳೆ ಎಂದರೆ ಇನ್ನೂ ನಿಮ್ಮವಳಾಗಿಯೇ ಇದ್ದಾಳೆ. ಅವಳಿಗೆ ಇವತ್ತೇ ಫೋನ್ ಮಾಡಿ.

ನಿಮ್ಮ ಆತಂಕ ಸುಳ್ಳಲ್ಲ. ಮೂರು ವರ್ಷದಲ್ಲಿ ನೀವು ಕಟ್ಟಿರುವುದು ಸುಮಾರು 9.37 ಲಕ್ಷ. ಅದರಲ್ಲಿ ಅಸಲಿಗೆ ಜಮೆಯಾದದ್ದು 2 ಲಕ್ಷವೂ ಇಲ್ಲ, ಉಳಿದದ್ದೆಲ್ಲ ಬಡ್ಡಿ. ಮೊದಲ ಕಂತಿನಲ್ಲಿ 21,250 ರೂಪಾಯಿ ಬಡ್ಡಿಗೇ ಹೋಗಿ ಅಸಲಿಗೆ 4,785 ಮಾತ್ರ ಬಿದ್ದಿರುತ್ತದೆ. ಇನ್ನೂ 28 ಲಕ್ಷ ಬಾಕಿ ಕಂಡಾಗ ಯಾರಿಗಾದರೂ ಎದೆ ಧಸಕ್ ಎನ್ನುತ್ತದೆ. ಅದಕ್ಕೇ ಆರಂಭದ ವರ್ಷಗಳಲ್ಲಿ ಹೆಚ್ಚಿಗೆ ಕಟ್ಟುವ ನಿಮ್ಮ ನಿಶ್ಚಯ ಸರಿಯಾದದ್ದು. ಬಡ್ಡಿ ದರ ಹೀಗೇ ಇರುತ್ತದೆ ಎಂದುಕೊಂಡು ಲೆಕ್ಕ ಹಾಕಿದೆ. ತಿಂಗಳಿಗೆ 5,000 ಹೆಚ್ಚಿಗೆ ಕಟ್ಟಿದರೆ ಉಳಿದ 17 ವರ್ಷದ ಸಾಲ 12 ವರ್ಷದ ಆಸುಪಾಸಿಗೆ ಮುಗಿಯುತ್ತದೆ, ಬಡ್ಡಿಯಲ್ಲಿ 8 ಲಕ್ಷ ಉಳಿಯುತ್ತದೆ.

ಈಗ ಇನ್ನೊಂದು ಲೆಕ್ಕ ನೋಡಿ. 5,000ದ ಬದಲು 4,000 ಹೆಚ್ಚಿಗೆ ಕಟ್ಟಿ, ತಿಂಗಳಿಗೆ ಒಂದು ಸಾವಿರ ಹಬ್ಬಕ್ಕೆಂದು ಎತ್ತಿಟ್ಟರೆ ಸಾಲ ಮುಗಿಯುವುದು ಎಂಟು ಒಂಬತ್ತು ತಿಂಗಳು ತಡವಾಗುತ್ತದೆ. ಬಡ್ಡಿ ಸುಮಾರು 1.1 ಲಕ್ಷ ಹೆಚ್ಚಾಗುತ್ತದೆ. ಅಷ್ಟೂ ವರ್ಷಗಳ ಹಬ್ಬ, ಬಂದು ಹೋಗುವ ಜನ, ಮಕ್ಕಳಿಗೆ ಸಿಗುವ ಅತ್ತೆ ಮಾವಂದಿರ ಒಡನಾಟ, ಇದಿಷ್ಟಕ್ಕೂ ಬೆಲೆ ಅದೇ. ಕೊಡಬಹುದಾದ ಬೆಲೆ ಎಂದು ನನ್ನ ಖಚಿತ ಅಭಿಪ್ರಾಯ. ದೀಪಾವಳಿ ಮುಗಿದ ಕೂಡಲೇ ತಿಂಗಳಿಗೆ ಒಂದು ಸಾವಿರ ಕಟ್ಟುವ ಆರ್‌ಡಿ (ರಿಕರಿಂಗ್ ಡೆಪಾಸಿಟ್) ತೆರೆಯಿರಿ. ಮುಂದಿನ ಶ್ರಾವಣದ ಹೊತ್ತಿಗೆ ಹಬ್ಬದ ದುಡ್ಡು ಕೈಯಲ್ಲಿರುತ್ತದೆ. ಕಂತಿನ ದುಡ್ಡಿಗೆ ಕೈ ಹಾಕುವ ಪ್ರಮೇಯ ಬರುವುದಿಲ್ಲ, ಕ್ರೆಡಿಟ್ ಕಾರ್ಡ್ ಉಜ್ಜುವ ಪ್ರಮೇಯವೂ ಬರುವುದಿಲ್ಲ. ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ. 3ಕ್ಕೂ ಮೇಲ್ಪಟ್ಟು ಬಡ್ಡಿ ಬೀಳುವುದು ಸಾಮಾನ್ಯ. ಎಂಟೂವರೆಯ ಸಾಲ ತೀರಿಸುವ ಆತುರದಲ್ಲಿ ಮೂವತ್ತಾರರ ಸಾಲಕ್ಕೆ ಬಿದ್ದವರ ಪತ್ರಗಳು ನಮ್ಮ ಕಚೇರಿಗೆ ಬರುತ್ತಲೇ ಇರುತ್ತವೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಹಬ್ಬದ ಖರ್ಚಿಗಿಂತ ಹೆಚ್ಚಾಗಿ ಆ ಶೇ. 8.5. ರಿಸರ್ವ್ ಬ್ಯಾಂಕ್ 2025ರ ಒಂದೇ ವರ್ಷದಲ್ಲಿ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ದರವನ್ನು, ಶೇ. 6.5ರಿಂದ 5.25ಕ್ಕೆ ಇಳಿಸಿತು. ಬ್ಯಾಂಕುಗಳು 2019ರ ಅಕ್ಟೋಬರ್ ನಂತರ ಕೊಟ್ಟ ಫ್ಲೋಟಿಂಗ್ (ಬಡ್ಡಿ ದರ ಏರಿಳಿಯುವ) ಗೃಹಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿವೆ, ಹಾಗಾಗಿ ಇಳಿಕೆ ಸಾಲಗಾರರಿಗೆ ತಲುಪುತ್ತದೆ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಟ್ಟುಪಾಡಿಲ್ಲ. ಒಂದು ದಿನ ರಜೆ ಹಾಕಿ ಹೋಗಿ, ದರ ಇಳಿಸಿಕೊಡಿ ಎಂದು ಕೇಳಿ. ಸಣ್ಣದೊಂದು ಶುಲ್ಕಕ್ಕೆ ಇಳಿಸಿಕೊಡುವುದುಂಟು. ಒಪ್ಪದಿದ್ದರೆ ಸಾಲವನ್ನು ಬ್ಯಾಂಕಿಗೆ ವರ್ಗಾಯಿಸಲು ಏನೇನು ಖರ್ಚಾಗುತ್ತದೆ ವಿಚಾರಿಸಿ: ಪ್ರೊಸೆಸಿಂಗ್ ಫೀ, ವಕೀಲರ ಫೀ, ಹೊಸ ಅಡಮಾನದ ಮುದ್ರಾಂಕ ಶುಲ್ಕ. ಮುಕ್ಕಾಲು ಪರ್ಸೆಂಟ್ ಇಳಿದರೂ 28 ಲಕ್ಷದ ಮೇಲೆ ವರ್ಷಕ್ಕೆ ಸುಮಾರು 21,000 ರೂಪಾಯಿ. ನಿಮ್ಮ ಹಬ್ಬದ ಆರ್‌ಡಿ ವರ್ಷಕ್ಕೆ 12,000 ಅಷ್ಟೇ.

ಹೆಚ್ಚಿಗೆ ಕಟ್ಟುವಾಗ ಎರಡು ಎಚ್ಚರ. ಫ್ಲೋಟಿಂಗ್ ದರದ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. ಪ್ರತಿ ಸಲವೂ "ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ" ಎಂದು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಕಂತು ಇಳಿಸಿಕೊಂಡರೆ ಕೈಗೆ ಹಗುರವೆನಿಸುತ್ತದೆ, ಆದರೆ ಬಡ್ಡಿ ಅಷ್ಟು ಉಳಿಯುವುದಿಲ್ಲ. ಇನ್ನು, ನಾಲ್ಕಾರು ತಿಂಗಳ ಕಂತಿನಷ್ಟು ದುಡ್ಡು ಬ್ಯಾಂಕಿನಲ್ಲಿ ಇಲ್ಲವಾದರೆ ಮೊದಲು ಅದನ್ನು ಕೂಡಿಸಿ, ಆಮೇಲೆ ಹೆಚ್ಚಿಗೆ ಕಟ್ಟಿ. ಸಾಲಕ್ಕೆ ಹಾಕಿದ ದುಡ್ಡು ಆಸ್ಪತ್ರೆಯ ರಾತ್ರಿಗೆ ವಾಪಸ್ ಬರುವುದಿಲ್ಲ.

ಊಟದ ವಿಷಯಕ್ಕೆ ಬರೋಣ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 2023ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 13.6 ಕೋಟಿ ಜನ ಈ ಹೊಸ್ತಿಲ ಮೇಲಿದ್ದಾರೆ. ಇಲ್ಲಿಂದ ಹಿಂದಕ್ಕೆ ಬರಬಹುದು, ಬಂದವರಿದ್ದಾರೆ. ಬೆಲ್ಲ ಹಾಕಿದರೆ ತೊಂದರೆಯಿಲ್ಲ ಎಂಬ ಮಾತನ್ನು ಮಾತ್ರ ನಂಬಬೇಡಿ, ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ. ಒಬ್ಬಟ್ಟಿನ ಹೂರಣಕ್ಕೆ ಬೇಳೆಯಷ್ಟೇ ಬೆಲ್ಲ ಬೀಳುತ್ತದೆ, ಕಣಕ ಮೈದಾದ್ದು.

ಹಾಗಂತ ಗೌರಿ ಹಬ್ಬಕ್ಕೆ ಒಬ್ಬಟ್ಟು ಬೇಡವೆನ್ನಲಾರೆ. ಹಬ್ಬದ ದಿನ ತಿಂದ ಒಂದು ಒಬ್ಬಟ್ಟಿಗಿಂತ ಆಮೇಲಿನ ವಾರ ಡಬ್ಬಿಯಿಂದ ತೆಗೆದು ತೆಗೆದು ತಿಂದದ್ದು ಹೆಚ್ಚು ಕೆಡಿಸುತ್ತದೆ. ಕೆಜಿ ಲೆಕ್ಕದಲ್ಲಿ ಬೇಳೆ ಬೇಯಿಸದೆ ತಲೆ ಲೆಕ್ಕದಲ್ಲಿ ಬೇಯಿಸಿ: ಬರುವವರು ಎಂಟು ಜನವಾದರೆ ಹದಿನಾರು ಒಬ್ಬಟ್ಟು, ಸಂಜೆಗೆ ಡಬ್ಬಿ ಖಾಲಿ. ಬೇಳೆಯ ಕಟ್ಟಿನಲ್ಲಿ ಸಾರು ಆಗೇ ಆಗುತ್ತದೆ, ಅದಕ್ಕೆ ಬೇರೆ ಖರ್ಚಿಲ್ಲ. ಎಲೆಯ ಮೇಲೆ ಮೊದಲು ಬೀಳುವ ಕೋಸಂಬರಿಯನ್ನು ಒಂದು ಚಮಚಕ್ಕೆ ನಿಲ್ಲಿಸಬೇಡಿ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕಾಯಿತುರಿ, ನಿಂಬೆಹಣ್ಣು, ಮೇಲೊಂದು ಒಗ್ಗರಣೆ. ಹಬ್ಬದಡಿಗೆಯಲ್ಲಿ ಇದಕ್ಕಿಂತ ಅಗ್ಗದ್ದೂ ಹಿತವಾದದ್ದೂ ಇನ್ನೊಂದಿಲ್ಲ. ಯಜಮಾನರಿಗೆ ಒಂದು ಬಟ್ಟಲು ತುಂಬ ಬಡಿಸಿ, ಹುರುಳಿಕಾಯಿ ಪಲ್ಯವನ್ನೂ ಧಾರಾಳವಾಗಿ ಹಾಕಿ, ಆಮೇಲೆ ಅನ್ನ. ಹೊಟ್ಟೆ ಅರ್ಧ ತುಂಬಿದ ಮೇಲೆ ಬಂದ ಒಬ್ಬಟ್ಟು ಒಂದಕ್ಕೇ ನಿಲ್ಲುತ್ತದೆ. ದಸರಾ ಬೊಂಬೆ ನೋಡಲು ಬಂದ ಮಕ್ಕಳಿಗೂ ಬೇಕರಿ ಸ್ವೀಟು ಬೇಡ, ಕಡಲೆಕಾಳು ಉಸಲಿ ಕೊಡಿ.

ನೆಂಟರ ಮನೆಯಲ್ಲಿ ಕಷ್ಟವಾಗುವುದು ಉಪಚಾರ. "ಇನ್ನೊಂದು ಹಾಕಿಸ್ಕೊಳ್ಳಿ ಭಾವ" ಎಂದು ಎಲೆಯ ಮುಂದೆ ನಿಂತವರಿಗೆ ಆಗ ಬೇಡವೆಂದರೆ ಇಬ್ಬರಿಗೂ ಮುಜುಗರ. ಹಿಂದಿನ ದಿನವೇ ನೀವು ಫೋನಿನಲ್ಲಿ ಹೇಳಿ: "ಇವರಿಗೆ ಡಾಕ್ಟರು ಸಿಹಿ ಬೇಡ ಅಂದಿದ್ದಾರಮ್ಮ, ಕೋಸಂಬರಿ ಜಾಸ್ತಿ ಮಾಡು." ಮಾಡುವವರಿಗೂ ಸಮಾಧಾನ, ಬಡಿಸುವವರಿಗೂ ಗೊತ್ತಿರುತ್ತದೆ.

ನಿಜವಾದ ದುಂದು ಊಟದ್ದಲ್ಲ. ವರಮಹಾಲಕ್ಷ್ಮಿಯ ಮುಂಚಿನ ಎರಡು ದಿನದ ಹೂವಿನ ಮಾರುಕಟ್ಟೆ ನೋಡಿ, ಕನಕಾಂಬರ ಕೆಜಿಗೆ ಸಾವಿರ ದಾಟಿರುತ್ತದೆ. ಕುಂಕುಮಕ್ಕೆ ಬಂದವರಿಗೆ ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ಡಬ್ಬಿ, ಜೊತೆಗೆ ರವಿಕೆ ಕಣ. ಆ ಕಣವನ್ನು ಯಾರೂ ಹೊಲಿಸುವುದಿಲ್ಲ, ಮನೆಯಿಂದ ಮನೆಗೆ ಅದು ದಾಟುತ್ತಲೇ ಇರುತ್ತದೆ ಎಂಬುದು ಎಲ್ಲ ಹೆಂಗಸರಿಗೂ ಗೊತ್ತು. ಎಲೆ ಅಡಿಕೆ, ಬಾಳೆಹಣ್ಣು, ಒಂದು ತೆಂಗಿನಕಾಯಿ ಕೊಡಿ. ಕಾಯಿಯನ್ನು ಯಾರೂ ಬೀರುವಿನಲ್ಲಿಡುವುದಿಲ್ಲ, ಮರುದಿನದ ಚಟ್ನಿಗಾಗುತ್ತದೆ. ಅಮ್ಮನವರಿಗೆ ಮನೆಯಂಗಳದ ದಾಸವಾಳ, ಕಣಗಿಲೆ ಸಾಕು. ಅಡುಗೆಯನ್ನೂ ಹಂಚಿಕೊಳ್ಳಿ. ಗೌರಿಗೆ ನಿಮ್ಮ ಮನೆಯಲ್ಲಿ ಎಲ್ಲರೂ ಸೇರಿದರೆ ನಾದಿನಿ ಪುಳಿಯೋಗರೆ ತರಲಿ, ಓರಗಿತ್ತಿ ಪಲ್ಯ ತರಲಿ. ದೀಪಾವಳಿಗೆ ನಾದಿನಿಯ ಮನೆ, ನಿಮ್ಮ ಒಬ್ಬಟ್ಟು. ಹೀಗೆ ಹೇಳಲು ಸಂಕೋಚವಾಗುತ್ತದೆ ಎಂದು ಗೊತ್ತು. ಹೊಸ ಮನೆಯವರು ಲೆಕ್ಕ ಹಾಕುತ್ತಾರೆ ಎಂದುಕೊಂಡಾರು ಎಂಬ ಭಯ. ಕಂತು ಎಷ್ಟೆಂದು ಬಾಯಿಬಿಟ್ಟು ಹೇಳಿಬಿಡಿ. ಅವರ ಮನೆಯಲ್ಲೂ ಯಾವುದೋ ಒಂದು ಕಂತು ಇದ್ದೇ ಇರುತ್ತದೆ, ಅವರಿಗೂ ಹಗುರವಾದೀತು.

ಎಚ್‌ಬಿಎ1ಸಿ ತೋರಿಸುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿ. ಶ್ರಾವಣಕ್ಕೆ ಮೊದಲು ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಎರಡನ್ನೂ ಡಾಕ್ಟರಿಗೆ ತೋರಿಸಿ. ಅದೇ ವಾರ ಸಾಲದ ಸ್ಟೇಟ್‌ಮೆಂಟನ್ನೂ ತರಿಸಿ, ಅವಧಿ ಇಳಿದಿದೆಯೇ ಎಂದು ಇಬ್ಬರೂ ಕೂತು ನೋಡಿ. ಇಳಿದಿರದಿದ್ದರೆ ನೀವು ಬರೆದುಕೊಟ್ಟ ಪತ್ರದ ಸ್ವೀಕೃತಿ ಹಿಡಿದು ಕೇಳಲು ಹೋಗಿ.

— ಸಂ.