ಫಿಶ್ ಸರಿಯೋ, ಫಿಶಸ್ ಸರಿಯೋ?

ಮಗಳು ‘ತ್ರೀ ಫಿಶಸ್’ ಅಂತ ಬರೆದದ್ದಕ್ಕೆ ಟೀಚರ್ ಕೆಂಪು ಗೆರೆ ಎಳೆದರು, ಅದು ನಿಜಕ್ಕೂ ತಪ್ಪಾ ಅಂತ ಕೇಳಿದ್ದೀರಿ. ಪೂರ್ತಿ ತಪ್ಪು ಅನ್ನಲಾಗದು ಸರ್. ಆದರೆ ಸುಮ್ನೆ ಎಣಿಸುವಾಗ ‘ತ್ರೀ ಫಿಶ್’ ಅನ್ನೋದೇ ಈಗಿನ ರೂಢಿ.

ಫಿಶಸ್ ಬರುವುದು ಹೆಚ್ಚಾಗಿ ಜಾತಿಗಳ ಮಾತು ಬಂದಾಗ. ಬುಟ್ಟಿಯಲ್ಲಿ ಹತ್ತು ಬಂಗುಡೆ ಇದ್ದರೆ ‘ಟೆನ್ ಫಿಶ್’. ಅದೇ ಬಂಗುಡೆ, ಬೂತಾಯಿ, ಅಂಜಲ್ ಅಂತ ಮೂರು ಬಗೆಯನ್ನು ಹೇಳಬೇಕಿದ್ದರೆ ‘ತ್ರೀ ಫಿಶಸ್’ ನಡೆಯುತ್ತದೆ. ಮೀನುಗಳ ಬಗ್ಗೆ ಸಂಶೋಧನೆ ಮಾಡುವವರು ಹೀಗೇ ಬರೆಯುತ್ತಾರೆ. ಹಳೇ ಇಂಗ್ಲಿಷಿನಲ್ಲಿ ಇಷ್ಟು ಬಿಗಿ ಇರಲಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ (ಬೈಬಲ್ಲಿನ ಹಳೇ ಇಂಗ್ಲಿಷ್ ಅನುವಾದ), ಏಸು ಜನರಿಗೆ ಊಟ ಹಾಕಿದ ಕಥೆಯಲ್ಲಿ ಐದು ರೊಟ್ಟಿಯ ಜೊತೆಗಿರುವುದು ‘ಟೂ ಫಿಶಸ್’ ಅಂತಲೇ ಇದೆ.

ತಟ್ಟೆಗೆ ಬಂದ ಮೇಲೆ ಎಣಿಕೆಯೇ ಇಲ್ಲ, ‘ಸಮ್ ಫಿಶ್’ ಅಷ್ಟೇ. ‘ಎ ಫಿಶ್’ ತಿಂದೆ ಅಂದರೆ ಇಡೀ ಮೀನನ್ನೇ ಮುಗಿಸಿದ ಹಾಗೆ ಕೇಳಿಸುತ್ತದೆ!

ಇನ್ನು ‘ಫಿಶಿಂಗ್ ಫಾರ್ ಕಾಂಪ್ಲಿಮೆಂಟ್ಸ್’ ಕೇಳಿದ್ದಿರಲ್ಲ, ಅದು ‘ಸಾರು ಇವತ್ತು ಕೆಟ್ಟಿದೆ ಅಲ್ವಾ?’ ಅಂತ ಕೇಳಿ ಹೊಗಳಿಸಿಕೊಳ್ಳುವ ಉಪಾಯ. ‘ಫಿಶಿ’ ಅಂದರೆ ಮೀನಿನ ವಾಸನೆಯೂ ಹೌದು, ಆದರೆ ಮಾತಿನಲ್ಲಿ ಜಾಸ್ತಿ ಬರುವುದು ‘ಇದರಲ್ಲಿ ಏನೋ ಮಸಲತ್ತಿದೆ’ ಅನ್ನೋ ಅನುಮಾನಕ್ಕೆ.